ಪೆಟ್ಟಿಗೆಯೊಳಗಿನ ಹದ: ಲವಣ, ತೇವ ಮತ್ತು ಸೆಂಡಾಯ್



ಮುಚ್ಚಿದ ಜಾಗದೊಳಗಿನ ಗಾಳಿಯ ತೇವವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದು ಹೇಗೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಮುಚ್ಚಿದ ಜಾಗ ಎಂದರೆ ವಸ್ತುಸಂಗ್ರಹಾಲಯದ ಗಾಜಿನ ಕಪಾಟು ಇರಬಹುದು, ಹಸ್ತಪ್ರತಿ ಭಂಡಾರದ ಮರದ ಪೆಟ್ಟಿಗೆ ಇರಬಹುದು, ವೀಣೆಯನ್ನೋ ಪಿಟೀಲನ್ನೋ ಇಡುವ ಪೆಟ್ಟಿಗೆಯೂ ಇರಬಹುದು. ಇಂಥ ಜಾಗಗಳಿಗೆ ಒಣಹವೆ ಬೇಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹೊಸ ಕ್ಯಾಮೆರಾದ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಮಗೆ ಕಲಿಸಿರುವುದೂ ಅದನ್ನೇ. ಆದರೆ ಓಲೆಗರಿ, ಕಾಗದ, ಮರ, ಚರ್ಮ, ರೇಷ್ಮೆ ಇವೆಲ್ಲ ತಮ್ಮೊಳಗೆ ಒಂದಿಷ್ಟು ನೀರನ್ನು ಇಟ್ಟುಕೊಂಡೇ ಬದುಕುವ ವಸ್ತುಗಳು. ಪೂರ್ತಿ ಒಣಗಿಸಿದರೆ ಓಲೆಗರಿ ಸೀಳುತ್ತದೆ, ಮರ ಬಿರಿಯುತ್ತದೆ. ತೇವ ಶೇ. 70ರ ಸುಮಾರಿಗೆ ಏರಿ ಅಲ್ಲೇ ನಿಂತರೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಎರಡರ ನಡುವೆ ಇರುವ ಹದ, ಅದು ತಿಂಗಳುಗಟ್ಟಲೆ ಕದಲದಂತೆ ಇರುವುದು, ಇಲ್ಲಿ ಮುಖ್ಯ. ಈ ಹದವನ್ನು ಕಾಯಲು ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ ಒದಗಬಲ್ಲ ವಸ್ತುಗಳಲ್ಲಿ ಲವಣಗಳಿಗೆ ವಿಶೇಷವಾದ ಸ್ಥಾನವಿದೆ.

ವಿಷಯವನ್ನು ಗಾಳಿಯಲ್ಲಿ ತೇಲಲು ಬಿಡಬಾರದೆಂದು ಒಂದು ಊರನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಅದು ಜಪಾನಿನ ಈಶಾನ್ಯದ ತೊಹೊಕು ಪ್ರದೇಶದ ದೊಡ್ಡ ನಗರವಾದ ಸೆಂಡಾಯ್.

ಸೆಂಡಾಯ್ ಪೆಸಿಫಿಕ್ ಸಾಗರದ ಕಡೆಗಿದೆ. ಚಳಿಗಾಲದಲ್ಲಿ ಜಪಾನ್ ಸಮುದ್ರದಿಂದ ಬರುವ ಗಾಳಿ ತನ್ನ ಹಿಮವನ್ನೆಲ್ಲ ಓಉ ಪರ್ವತಸಾಲಿನ ಆಚೆ ಸುರಿಸಿ, ಒಣಗಿ ಈ ಕಡೆ ಇಳಿಯುತ್ತದೆ. ಘಟ್ಟದ ಪಶ್ಚಿಮಕ್ಕೆ ಮಳೆ, ಪೂರ್ವಕ್ಕೆ ಬರಿ ಗಾಳಿ ಎಂಬ ನಮ್ಮ ಅನುಭವವುಳ್ಳವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಮಳೆ, ಜೊತೆಗೆ ಸಾಗರದ ಕಡೆಯಿಂದ ಬೀಸುವ ಯಮಾಸೆ ಎಂಬ ತಣ್ಣನೆಯ ಹಸಿಗಾಳಿ. ಜುಲೈಯಲ್ಲಿ ಸರಾಸರಿ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ನಿಜವಾಗಿ ಇರುವ ಪಾಲು, ಶೇ. 80ನ್ನು ದಾಟುತ್ತದೆ. ಜನವರಿಯಲ್ಲಿ ಸರಾಸರಿ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಹೊರಗಿನ ಗಾಳಿ ಶೇ. 65ರಷ್ಟು ತೇವ ಹೊತ್ತಿದೆ ಎಂದುಕೊಳ್ಳಿ. ಅದನ್ನೇ ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ, ನೀರಿನ ಆವಿ ಅಷ್ಟೇ ಇದ್ದರೂ, ಸಾಪೇಕ್ಷ ಆರ್ದ್ರತೆ ಶೇ. 20ಕ್ಕೆ ಕುಸಿಯುತ್ತದೆ. ಬಿಸಿಗಾಳಿ ಹೆಚ್ಚು ಆವಿಯನ್ನು ಹಿಡಿಸಿಕೊಳ್ಳಬಲ್ಲದು, ಆದ್ದರಿಂದ ಅದೇ ಪ್ರಮಾಣದ ಆವಿ ಅದಕ್ಕೆ ಕಡಿಮೆಯೆನಿಸುತ್ತದೆ. ಅಂದರೆ ಹೀಟರ್ ಹಾಕಿದ ಕೋಣೆಯಲ್ಲಿರುವ ವಸ್ತು ಒಂದು ವರ್ಷದೊಳಗೆ ಮರುಭೂಮಿಯನ್ನೂ ಮಳೆಗಾಡನ್ನೂ ಕಂಡುಬಿಡುತ್ತದೆ.

ಆ ಊರಿನಲ್ಲಿರುವ ವಸ್ತುಗಳಾದರೂ ಎಂಥವು? 1613ರಲ್ಲಿ ಸೆಂಡಾಯ್‌ನ ಅರಸ ದಾತೆ ಮಸಾಮುನೆ ತನ್ನ ಸಾಮಂತ ಹಸೆಕುರಾ ತ್ಸುನೆನಾಗನನ್ನು ಹಡಗಿನಲ್ಲಿ ಮೆಕ್ಸಿಕೊ, ಸ್ಪೇನ್, ರೋಮ್‌ಗಳಿಗೆ ಕಳಿಸಿದ. 1615ರಲ್ಲಿ ರೋಮ್ ನಗರ ಹಸೆಕುರಾನಿಗೆ ಪೌರತ್ವ ನೀಡಿ ಒಂದು ಪತ್ರ ಬರೆದುಕೊಟ್ಟಿತು. ಅವನು 1620ರಲ್ಲಿ ಊರಿಗೆ ಮರಳುವ ಹೊತ್ತಿಗೆ ಜಪಾನಿನಲ್ಲಿ ಕ್ರೈಸ್ತಮತಕ್ಕೆ ನಿಷೇಧ ಬಿದ್ದಿತ್ತು. ಅವನು ತಂದ ವಸ್ತುಗಳು ಮುಂದೆ ಸಂಸ್ಥಾನದ ವಶಕ್ಕೆ ಹೋಗಿ ಉಗ್ರಾಣ ಸೇರಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಕತ್ತಲಲ್ಲಿ ಉಳಿದವು. ಈಗ ಅವು ಸೆಂಡಾಯ್ ನಗರ ವಸ್ತುಸಂಗ್ರಹಾಲಯದಲ್ಲಿವೆ. 47 ವಸ್ತುಗಳ ಆ ಗುಂಪು 2001ರಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಣೆಯಾಯಿತು, 2013ರಲ್ಲಿ ಅದರ ಕೆಲವು ಮುಖ್ಯ ವಸ್ತುಗಳು ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿ ಸೇರಿದವು.

ಈ ಗುಂಪಿನ ಪೌರತ್ವ ಪತ್ರವನ್ನು ಬರೆದಿರುವುದು ಚರ್ಮಪತ್ರದ ಮೇಲೆ. ಚರ್ಮಪತ್ರವನ್ನು ಹದ ಮಾಡುವುದಿಲ್ಲ, ಸುಣ್ಣದಲ್ಲಿ ನೆನೆಸಿ ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸುತ್ತಾರೆ. ಅದರ ನಾರುಗಳು ಆ ಎಳೆತವನ್ನು ಮರೆಯುವುದೇ ಇಲ್ಲ. ತೇವ ಏರಿದರೆ ಸಡಿಲಗೊಂಡು ಉಬ್ಬುತ್ತದೆ, ಇಳಿದರೆ ಮುದುಡಿ ಸುರುಳಿಯಾಗಲು ನೋಡುತ್ತದೆ. ಹಾಳೆ ಹಿಗ್ಗಿದಷ್ಟು ಅದರ ಮೇಲಿನ ಶಾಯಿ, ಬಣ್ಣ ಹಿಗ್ಗುವುದಿಲ್ಲವಾದ್ದರಿಂದ ಪದರ ಎದ್ದು ಉದುರುತ್ತದೆ. ಅದೇ ಗುಂಪಿನಲ್ಲಿ ಪ್ರಾರ್ಥನೆಯಲ್ಲಿ ನಿರತನಾದ ಹಸೆಕುರಾನ ತೈಲಚಿತ್ರವಿದೆ, ಅದರ ಬಟ್ಟೆಯ ಮೇಲೆ ಮಡಿಕೆಯ ಗೆರೆಗಳು ಇವತ್ತಿಗೂ ಕಾಣುತ್ತವೆ. ಕುದುರೆಯ ಜೀನು ಇದೆ, ಲೋಹದ ಶಿಲುಬೆ ಇದೆ. ಚರ್ಮಪತ್ರಕ್ಕೆ ಶೇ. 50ರ ಆಸುಪಾಸು ಹಿತ. ಲೋಹಕ್ಕೆ ಶೇ. 40ರ ಕೆಳಗಿದ್ದಷ್ಟೂ ಒಳ್ಳೆಯದು. ಒಂದೇ ಕತೆಯ ವಸ್ತುಗಳಾದರೂ ಅವುಗಳ ಹದ ಬೇರೆ ಬೇರೆ.

ತೊಹೊಕು ವಿಶ್ವವಿದ್ಯಾಲಯದ ಗ್ರಂಥಭಂಡಾರವೂ ಅದೇ ಊರಿನಲ್ಲಿದೆ. ಕಾದಂಬರಿಕಾರ ನತ್ಸುಮೆ ಸೊಸೆಕಿಯ ಸ್ವಂತ ಪುಸ್ತಕಗಳು ಟೋಕಿಯೊ ಮೇಲಿನ ಬಾಂಬ್ ದಾಳಿಗೆ ಮೊದಲೇ ಅಲ್ಲಿಗೆ ಸೇರಿ ಉಳಿದುಕೊಂಡವು. ನಮಗೆ ಇನ್ನೂ ಹತ್ತಿರವಾದದ್ದು ಅಲ್ಲಿನ ಟಿಬೆಟನ್ ಬೌದ್ಧ ಗ್ರಂಥಗಳ ಸಂಗ್ರಹ. ಸಂಸ್ಕೃತ ಮೂಲ ಕಳೆದುಹೋಗಿ ಟಿಬೆಟನ್ ಅನುವಾದದಲ್ಲಿ ಮಾತ್ರ ಉಳಿದ ಎಷ್ಟೋ ಭಾರತೀಯ ಕೃತಿಗಳನ್ನು ವಿದ್ವಾಂಸರು ಇಂದಿಗೂ 1934ರ ತೊಹೊಕು ಸೂಚಿಯ ಸಂಖ್ಯೆಯಿಂದಲೇ ಉಲ್ಲೇಖಿಸುತ್ತಾರೆ. ಹಾಗಾಗಿ ಆ ಊರಿನ ಕಪಾಟುಗಳೊಳಗಿನ ತೇವ ನಮಗೆ ತೀರ ಹೊರಗಿನ ಸಂಗತಿಯೇನಲ್ಲ.

ಇನ್ನು ಲವಣಕ್ಕೆ ಬರೋಣ. ಕರಾವಳಿಯ ಮನೆಗಳಲ್ಲಿ ಆಷಾಢ ಬಂತೆಂದರೆ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಅಂಗಡಿಯ ಪುಡಿಯುಪ್ಪಿಗಿಂತ ಕಲ್ಲುಪ್ಪು ಬೇಗ ಒದ್ದೆಯಾಗುತ್ತದೆ ಎಂಬುದೂ ಅಡುಗೆ ಮಾಡುವವರಿಗೆ ಗೊತ್ತು. ಇದರ ಕಾರಣ ನಮ್ಮ ವಿಷಯದ ತಿರುಳಿನಲ್ಲೇ ಇದೆ. ಶುದ್ಧವಾದ ಸೋಡಿಯಂ ಕ್ಲೋರೈಡ್ ಗಾಳಿಯ ತೇವ ಶೇ. 75 ಆಗುವವರೆಗೆ ಒಣಗಿಯೇ ಇರುತ್ತದೆ. ಅದನ್ನು ದಾಟಿದ ಕೂಡಲೇ ನೀರೆಳೆದು ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಉಳಿದುಕೊಂಡಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು. ಕುಮಟಾ ಬಳಿಯ ಸಾಣಿಕಟ್ಟೆಯ ಉಪ್ಪಿನಗದ್ದೆಯಲ್ಲಾಗಲಿ, ಸೆಂಡಾಯ್ ಪಕ್ಕದ ಶಿಯೋಗಾಮಾ ಊರಿನ ಒಕಾಮಾ ದೇಗುಲದಲ್ಲಾಗಲಿ ಈ ರಸಾಯನ ಒಂದೇ. ಆ ದೇಗುಲದಲ್ಲಿ ಪ್ರತಿವರ್ಷ ಜುಲೈ ತಿಂಗಳಲ್ಲಿ ಕಡಲಪಾಚಿ ಮತ್ತು ಕಡಲನೀರಿನಿಂದ ಉಪ್ಪು ಕಾಯಿಸುವ ಹಳೆಯ ವಿಧಿಯನ್ನು ನಡೆಸುತ್ತಾರೆ. ವರ್ಷದ ಅತಿ ತೇವದ ತಿಂಗಳನ್ನೇ ಉಪ್ಪಿನ ಹಬ್ಬಕ್ಕೆ ಆರಿಸಿಕೊಂಡವರ ಧೈರ್ಯ ಮೆಚ್ಚಬೇಕು.

ಈಗ ಒಂದು ಮುಚ್ಚಿದ ಡಬ್ಬಿಯಲ್ಲಿ ಉಪ್ಪಿನ ಹರಳುಗಳ ಮೇಲೆ ಸ್ವಲ್ಪವೇ ನೀರು ಹಾಕಿ ಇಟ್ಟೆವೆನ್ನಿ. ಎಲ್ಲ ಉಪ್ಪೂ ಕರಗುವಷ್ಟು ನೀರು ಬೇಡ, ಹರಳೂ ಉಳಿಯಬೇಕು, ಅದರ ಸುತ್ತ ಪರ್ಯಾಪ್ತ ದ್ರಾವಣವೂ, ಅಂದರೆ ಇನ್ನಷ್ಟು ಉಪ್ಪನ್ನು ಕರಗಿಸಿಕೊಳ್ಳಲಾರದ ದ್ರಾವಣವೂ ಇರಬೇಕು. ಡಬ್ಬಿಯೊಳಗಿನ ಗಾಳಿಗೆ ಹೊರಗಿನಿಂದ ಇನ್ನಷ್ಟು ಆವಿ ಸೇರಿದರೆ ದ್ರಾವಣ ಅದನ್ನು ಹೀರುತ್ತದೆ. ದ್ರಾವಣ ತೆಳುವಾಗಬೇಕಿತ್ತು, ಆದರೆ ಪಕ್ಕದಲ್ಲೇ ಇರುವ ಹರಳು ಒಂದಿಷ್ಟು ಕರಗಿ ಅದನ್ನು ಮತ್ತೆ ಪರ್ಯಾಪ್ತವಾಗಿಸುತ್ತದೆ. ಗಾಳಿ ಒಣಗಿದರೆ ದ್ರಾವಣದಿಂದ ನೀರು ಆವಿಯಾಗುತ್ತದೆ, ಹೆಚ್ಚಾದ ಉಪ್ಪು ಹರಳಾಗಿ ಬೀಳುತ್ತದೆ. ನೀರು ಎಷ್ಟೇ ಬರಲಿ ಹೋಗಲಿ, ದ್ರಾವಣದ ಸಾಂದ್ರತೆ ಬದಲಾಗುವುದಿಲ್ಲ, ಆದ್ದರಿಂದ ಅದರ ಮೇಲಿನ ಆವಿಯ ಒತ್ತಡವೂ ಬದಲಾಗುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ವಿಲಾರ್ಡ್ ಗಿಬ್ಸ್ 1870ರ ದಶಕದಲ್ಲಿ ಕೊಟ್ಟ ನಿಯಮ ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳುತ್ತದೆ. ಘಟಕಗಳು ಎರಡು, ಉಪ್ಪು ಮತ್ತು ನೀರು. ಅವಸ್ಥೆಗಳು ಮೂರು, ಹರಳು, ದ್ರಾವಣ, ಆವಿ. ಇಂಥ ವ್ಯವಸ್ಥೆಗೆ ಉಳಿಯುವ ಸ್ವಾತಂತ್ರ್ಯ ಒಂದೇ. ಉಷ್ಣತೆಯನ್ನು ನೀವು ಗೊತ್ತುಮಾಡಿದರೆ ಆರ್ದ್ರತೆ ತಾನಾಗಿ ಗೊತ್ತಾಗುತ್ತದೆ.

ಯಾವ ಉಪ್ಪಿಗೆ ಯಾವ ಮಟ್ಟ ಎಂಬುದನ್ನು ಪ್ರಯೋಗಶಾಲೆಗಳು ಬಹಳ ಕಾಲದಿಂದ ಅಳೆಯುತ್ತ ಬಂದಿವೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಿಂದ 1977ರಲ್ಲಿ ಗ್ರೀನ್‌ಸ್ಪ್ಯಾನ್ ಪ್ರಕಟಿಸಿದ ಕೋಷ್ಟಕ ಇಂದಿಗೂ ಎಲ್ಲರ ಕೈಪಿಡಿ. ಅದರ ಪ್ರಕಾರ 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ ಶೇ. 11, ಮೆಗ್ನೀಸಿಯಂ ಕ್ಲೋರೈಡ್ ಶೇ. 33, ಪೊಟ್ಯಾಸಿಯಂ ಕಾರ್ಬೊನೇಟ್ ಶೇ. 43, ಮೆಗ್ನೀಸಿಯಂ ನೈಟ್ರೇಟ್ ಶೇ. 53, ಸೋಡಿಯಂ ಬ್ರೋಮೈಡ್ ಶೇ. 58, ಅಡುಗೆಯ ಉಪ್ಪು ಶೇ. 75. ಲೋಹಕ್ಕೊಂದು, ಚರ್ಮಪತ್ರಕ್ಕೊಂದು ಎಂದು ಆರಿಸಿಕೊಳ್ಳುವಷ್ಟು ಮೆಟ್ಟಿಲುಗಳು ಪ್ರಕೃತಿಯಲ್ಲೇ ಇವೆ. ಎರಡು ಮೆಟ್ಟಿಲುಗಳ ನಡುವಿನ ಮಟ್ಟ ಬೇಕೆಂದು ಎರಡು ಉಪ್ಪುಗಳನ್ನು ಬೆರೆಸಿದರೆ ಮಾತ್ರ ನಿರಾಶೆ ಕಾದಿದೆ. ಸೋಡಿಯಂ ಕ್ಲೋರೈಡಿಗೆ ಶೇ. 84ರ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರೆ ಬರುವುದು ಸರಾಸರಿಯಲ್ಲ, ಎರಡಕ್ಕಿಂತಲೂ ಕೆಳಗಿನ, ಶೇ. 72-73ರ ಮಟ್ಟ.

ಎಷ್ಟು ಉಪ್ಪು ಬೇಕಾದೀತು? ಒಂದು ಘನ ಮೀಟರ್ ಗಾತ್ರದ ಗಾಜಿನ ಕಪಾಟನ್ನು ತೆಗೆದುಕೊಳ್ಳೋಣ. 25 ಡಿಗ್ರಿಯಲ್ಲಿ ಅದರೊಳಗಿನ ಗಾಳಿ ಹೆಚ್ಚೆಂದರೆ 23 ಗ್ರಾಂ ಆವಿಯನ್ನು ಹಿಡಿಯುತ್ತದೆ. ಹಾಗಾಗಿ ಒಳಗಿನ ಗಾಳಿಯ ತೇವ ದೊಡ್ಡ ಲೆಕ್ಕವೇ ಅಲ್ಲ, ಸಂದಿಗಳಿಂದ ನುಸುಳುವುದೇ ದೊಡ್ಡದು. ಸಾಧಾರಣ ಕಪಾಟಿನ ಗಾಳಿ ದಿನಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ ಎಂದುಕೊಂಡು, ಹೊರಗೆ ಶೇ. 80, ಒಳಗೆ ಪೊಟ್ಯಾಸಿಯಂ ಕಾರ್ಬೊನೇಟಿನ ಶೇ. 43 ಎಂದಿಟ್ಟರೆ, ದಿನಕ್ಕೆ ಸುಮಾರು 8.5 ಗ್ರಾಂ ನೀರು ಒಳಬರುತ್ತದೆ. ನಲವತ್ತು ದಿನದ ಮಳೆಗಾಲಕ್ಕೆ 340 ಗ್ರಾಂ. ಅಷ್ಟನ್ನೂ ಹೀರಿ ಮಟ್ಟ ಕೆಡದಂತೆ ಇರಲು ಸುಮಾರು 380 ಗ್ರಾಂ ಲವಣ ಸಾಕು. ಇದೇ ಕೆಲಸವನ್ನು ಸಿಲಿಕಾ ಜೆಲ್‌ಗೆ ಒಪ್ಪಿಸಿದರೆ? ಸಾಮಾನ್ಯ ಸಿಲಿಕಾ ಜೆಲ್ ಕಿಲೋ ಒಂದಕ್ಕೆ, ಆರ್ದ್ರತೆ ಶೇ. 1 ಏರಿದಾಗ, ಸುಮಾರು 2 ಗ್ರಾಂ ನೀರು ಹೀರುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಗ್ಯಾರಿ ಥಾಮ್ಸನ್ 1970ರ ದಶಕದಲ್ಲಿ ಸೂಚಿಸಿದ ಪ್ರಮಾಣ ಘನ ಮೀಟರಿಗೆ 20 ಕಿಲೋ. ಆ 20 ಕಿಲೋ ಜೆಲ್ ಕೂಡ 340 ಗ್ರಾಂ ನೀರು ಹೀರುವಷ್ಟರಲ್ಲಿ ಶೇ. 8ರಿಂದ 9ರಷ್ಟು ಮೇಲೇರಿರುತ್ತದೆ. ಸಿಲಿಕಾ ಜೆಲ್ ಏರಿಳಿತವನ್ನು ನಿಧಾನಗೊಳಿಸುತ್ತದೆ. ಉಪ್ಪು ಏರಿಳಿತವನ್ನೇ ನಿಲ್ಲಿಸುತ್ತದೆ, ಹರಳಿನ ದಾಸ್ತಾನು ಮುಗಿಯುವವರೆಗೆ. ಒಂದು ವಸ್ತು ತೇವಕ್ಕೆ ಎಷ್ಟು ಬಾಯಾರಿದೆ ಎಂಬುದರಿಂದ ಅದನ್ನು ಅಳೆಯುವ ರೂಢಿ ವ್ಯಾಪಾರದ ಜಾಹೀರಾತಿನಿಂದ ಬಂದದ್ದು. ಯಾವ ಮಟ್ಟದಲ್ಲಿ ನಿಲ್ಲುತ್ತದೆ, ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದೇ ಸರಿಯಾದ ಅಳತೆಗೋಲು. ಈ ಉಪನ್ಯಾಸದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇಷ್ಟೆ.

ನಿಧಾನಗೊಳಿಸುವ ವಿದ್ಯೆಯನ್ನು ಕಡಿಮೆ ಅಂದಾಜು ಮಾಡುವಂತಿಲ್ಲ. ನಾರಾ ನಗರದ ಶೋಸೋಇನ್ ಭಂಡಾರದಲ್ಲಿ ಎಂಟನೆಯ ಶತಮಾನದ ವಸ್ತುಗಳು ಉಳಿದುಬಂದಿವೆ. ಅದರ ಗೋಡೆಯ ದಿಮ್ಮಿಗಳು ಮಳೆಯಲ್ಲಿ ಹಿಗ್ಗಿ ಸಂದಿ ಮುಚ್ಚುತ್ತವೆ, ಬಿಸಿಲಲ್ಲಿ ಕುಗ್ಗಿ ಗಾಳಿಗೆ ದಾರಿ ಬಿಡುತ್ತವೆ ಎಂದು ಬಹುಕಾಲ ಹೇಳುತ್ತಿದ್ದರು. ಅಳೆದು ನೋಡಿದ ಮೇಲೆ ಹಿರಿಮೆ ಸಲ್ಲಬೇಕಾದದ್ದು ಮುಖ್ಯವಾಗಿ ಒಳಗಿನ ಮರದ ಪೆಟ್ಟಿಗೆಗಳಿಗೆ ಎಂದು ಸಂಶೋಧಕರು ಕಂಡುಕೊಂಡರು. ಸೆಂಡಾಯ್‌ನ ಹೆಸರುವಾಸಿ ತನ್ಸು ಪೆಟ್ಟಿಗೆಗಳೂ ಇದೇ ಸಂಪ್ರದಾಯದವು, ಮುಂದೆ ಅರಗಿನ ಹೊಳಪಿನ ಗಟ್ಟಿ ಮರ, ಕಬ್ಬಿಣದ ಕೆತ್ತನೆಯ ಪಟ್ಟಿ, ಒಳಗೆ ಹಗುರವಾದ ಮೆತ್ತನೆಯ ಮರ. ತುಂಬ ಕಾಗದವೋ ಬಟ್ಟೆಯೋ ಇರುವ ಪೆಟ್ಟಿಗೆ ತನ್ನ ತೇವವನ್ನು ತಾನೇ ಕಾಯ್ದುಕೊಳ್ಳುತ್ತದೆ. ಹತ್ತು ಕಿಲೋ ಕಾಗದದೊಳಗೆ ಅರ್ಧ ಕಿಲೋಗೂ ಹೆಚ್ಚು ನೀರಿರುತ್ತದೆ. ಆದರೆ ಕಪಾಟಿನಲ್ಲಿ ಒಂದೇ ಒಂದು ಚರ್ಮಪತ್ರವನ್ನು ಗಾಜಿನ ಕೆಳಗೆ ಹರವಿಟ್ಟಾಗ ಈ ಆಸರೆ ಇರುವುದಿಲ್ಲ. ಆಗ ಮಟ್ಟ ಹಿಡಿಯುವ ವಸ್ತು ಬೇಕೇಬೇಕು.

ಹಾಗಿದ್ದರೆ ಕಪಾಟಿನ ತಳದಲ್ಲಿ ಉಪ್ಪುನೀರಿನ ತಟ್ಟೆ ಇಟ್ಟುಬಿಡಬಹುದಲ್ಲ? ಹಿಂದೆ ಹಾಗೆ ಇಟ್ಟವರಿದ್ದಾರೆ. ಪ್ರಯೋಗಶಾಲೆಯಲ್ಲಿ ಅದು ಚೆನ್ನ, ನಿಧಿಯ ಪಕ್ಕದಲ್ಲಿ ಅಲ್ಲ. ದ್ರಾವಣ ತಟ್ಟೆಯ ಅಂಚಿನಲ್ಲಿ ಒಣಗಿ ಹರಳಾಗುತ್ತದೆ, ಆ ಹರಳಿನ ಸಂದಿಗಳಲ್ಲಿ ಮತ್ತೆ ದ್ರಾವಣ ಏರುತ್ತದೆ, ಹೀಗೆ ಉಪ್ಪು ತಟ್ಟೆಯ ಗೋಡೆ ಹತ್ತಿ ಹೊರಗಿಳಿದು ಬಟ್ಟೆಯನ್ನೂ ಲೋಹವನ್ನೂ ಮುಟ್ಟುತ್ತದೆ. ಉಷ್ಣತೆಯ ಪ್ರಶ್ನೆಯೂ ಇದೆ. ಮೆಗ್ನೀಸಿಯಂ ನೈಟ್ರೇಟ್ 30 ಡಿಗ್ರಿಯಲ್ಲಿ ಶೇ. 51 ತೋರಿದರೆ 10 ಡಿಗ್ರಿಯಲ್ಲಿ ಶೇ. 57 ತೋರುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಮಾತ್ರ ಈ ಅಂತರದಲ್ಲಿ ಶೇ. 43ರಿಂದ ಅಲುಗುವುದೇ ಇಲ್ಲ, ಆದರೆ ಅದು ಕ್ಷಾರ, ಚರ್ಮದ ಮೇಲೆ ಚೆಲ್ಲಿದರೆ ಚರ್ಮವೇ ಹೋಯಿತು.

ಚೆಲ್ಲುವ ಮಾತು ಸೆಂಡಾಯ್‌ನಲ್ಲಿ ಬರಿ ಮಾತಲ್ಲ. 2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪ ಆ ಕರಾವಳಿಯ ಆಚೆ ಸಂಭವಿಸಿತು. 2022ರ ಮಾರ್ಚ್‌ನ ಕಂಪನದಲ್ಲಿ ಸೆಂಡಾಯ್ ಕೋಟೆಯ ಕಲ್ಲುಗೋಡೆ ಕುಸಿಯಿತು, ಮಸಾಮುನೆಯ ಕುದುರೆ ಸವಾರಿಯ ಪ್ರತಿಮೆ ವಾಲಿತು. ಇಂಥ ನೆಲದ ಮೇಲೆ ಅಮೂಲ್ಯ ವಸ್ತುವಿನ ಕೆಳಗೆ ದ್ರವ ತುಂಬಿದ ತಟ್ಟೆ ಇಡುವುದು ಅವಿವೇಕ. ಅದೇ 2011ರಲ್ಲಿ ವಿದ್ಯುತ್ ದಿನಗಟ್ಟಲೆ ಇಲ್ಲವಾಯಿತು. ಯಂತ್ರವನ್ನೇ ನಂಬಿಕೊಂಡ ಕೋಣೆ ಅಂಥ ಹೊತ್ತಿನಲ್ಲಿ ಏನೂ ಮಾಡಲಾರದು. ವಿದ್ಯುತ್ ಬೇಡದ, ಆದರೆ ದ್ರವವೂ ಅಲ್ಲದ ವಸ್ತು ಬೇಕು ಎಂಬ ಬೇಡಿಕೆ ಹೀಗೆ ಆ ನೆಲದಿಂದಲೇ ಹುಟ್ಟುತ್ತದೆ.

2011ರ ಭೂಕಂಪ ಎಬ್ಬಿಸಿದ ಸುನಾಮಿಯ ನಂತರ ಉಪ್ಪಿನ ಇನ್ನೊಂದು ಮುಖವೂ ಅಲ್ಲಿ ಕಂಡಿತು. 2003ರ ಭೂಕಂಪದ ಬಳಿಕ ಸೆಂಡಾಯ್‌ನಲ್ಲಿ ಇತಿಹಾಸಕಾರರು ಕಟ್ಟಿದ್ದ ಮಿಯಾಗಿ ಐತಿಹಾಸಿಕ ದಾಖಲೆ ಸಂರಕ್ಷಣಾ ಜಾಲ, 2011ರಲ್ಲಿ ಮನೆಮನೆಯ ಉಗ್ರಾಣಗಳಿಂದ ಒದ್ದೆಯಾದ ಕಡತಗಳನ್ನು ಎತ್ತಿ ತಂದಿತು. ಕಡಲನೀರಿನಲ್ಲಿ ನೆಂದ ಕಾಗದವನ್ನು ಬರಿದೆ ಒಣಗಿಸಿದರೆ ಸಾಲದು. ನಾರುಗಳ ನಡುವೆ ಉಳಿದ ಮೆಗ್ನೀಸಿಯಂ ಲವಣ ಶೇ. 33ರ ಮೇಲಿನ ಯಾವ ಗಾಳಿಯಿಂದಲಾದರೂ ನೀರೆಳೆಯುತ್ತಲೇ ಇರುತ್ತದೆ. ಆ ಕಾಗದ ಎಂದೂ ಪೂರ್ತಿ ಆರುವುದಿಲ್ಲ. ಹಾಗಾಗಿ ಶುದ್ಧ ನೀರಿನಲ್ಲಿ ತೊಳೆದು ಉಪ್ಪು ಬಿಡಿಸುವುದು ಆ ಕರಾವಳಿಯ ರಕ್ಷಣಾ ಕೆಲಸದ ದೊಡ್ಡ ಭಾಗವಾಯಿತು. ನಮ್ಮ ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಗಾರೆ ಉದುರುವುದಕ್ಕೂ ಇಂಥದ್ದೇ ಕಾರಣ. ವಸ್ತುವಿನೊಳಗೆ ಹೊಕ್ಕ ಲವಣ ಅದರ ಶತ್ರು. ಪಕ್ಕದಲ್ಲಿ ಬೇಲಿ ಹಾಕಿಸಿಕೊಂಡು ಕೂತ ಲವಣ ಕಾವಲುಗಾರ. ವಿನ್ಯಾಸದ ಪ್ರಶ್ನೆಯೆಲ್ಲ ಆ ಬೇಲಿಯದು.

ಬೇಲಿ ಹಾಕುವ ಮೊದಲ ಉಪಾಯ ಸರಳ. ಪರ್ಯಾಪ್ತ ದ್ರಾವಣಕ್ಕೆ ಅಂಟು ಬೆರೆಸಿ ಗಟ್ಟಿಯಾಗಿಸಿ, ಆವಿಯನ್ನು ಮಾತ್ರ ಬಿಡುವ, ದ್ರವವನ್ನು ಬಿಡದ ಪೊರೆಯ ಚೀಲದಲ್ಲಿ ತುಂಬುವುದು. 1990ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಇಂಥ ಪೊಟ್ಟಣಗಳು ಈಗ ಗಿಟಾರ್, ಪಿಟೀಲುಗಳ ಪೆಟ್ಟಿಗೆಗಳಲ್ಲಿ ಸಾಮಾನ್ಯ. ನಮ್ಮ ಹಲಸಿನ ಮರದ ವೀಣೆಗಳಿಗೆ, ಚರ್ಮದ ಮುಚ್ಚಿಗೆಯ ಮೃದಂಗಗಳಿಗೆ ಇದು ಇನ್ನೂ ಬಳಕೆಗೆ ಬಂದಂತಿಲ್ಲ, ಬರಬೇಕು.

ಎರಡನೆಯದು ರಂಧ್ರಗಳೊಳಗೆ ಲವಣವನ್ನು ಕೂರಿಸುವುದು. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಯೂರಿ ಅರಿಸ್ತೊವ್ ಮತ್ತು ಸಂಗಡಿಗರು 1990ರ ದಶಕದಿಂದ ಸಿಲಿಕಾ ಜೆಲ್‌ನ ಸೂಕ್ಷ್ಮ ರಂಧ್ರಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ನೋಡಿದರು. ಜಪಾನಿನ ಹೊಕ್ಕೈಡೊದಲ್ಲಿ ಬೇರೆ ಸಂಶೋಧಕರು ವಕ್ಕನಾಯ್ ಎಂಬಲ್ಲಿಯ ರಂಧ್ರಮಯ ಜೇಡಿಶಿಲೆಗೆ ಲಿಥಿಯಂ ಕ್ಲೋರೈಡ್ ತುಂಬಿದರು. ನೋಡಲು, ಮುಟ್ಟಲು ಅದು ಒಣ ಹರಳಿನಂತೆಯೇ ಇರುತ್ತದೆ, ದ್ರಾವಣ ಒಳಗಿನ ನವಿರು ಕೊಳವೆಗಳಲ್ಲಿ ಹಿಡಿದು ನಿಲ್ಲುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯಿದೆ. ಕಿರಿದಾದ ರಂಧ್ರದೊಳಗೆ ಲವಣದ ನಡವಳಿಕೆ ಬದಲಾಗಿ ಚೂಪಾದ ಮೆಟ್ಟಿಲು ಇಳಿಜಾರಾಗುತ್ತದೆ. ಒಣಗಿಸುವ ಕೆಲಸಕ್ಕೆ ಇದು ಉತ್ತಮ, ಮಟ್ಟ ಹಿಡಿಯುವ ಕೆಲಸಕ್ಕೆ ಅಷ್ಟಕ್ಕಷ್ಟೆ. ಅಗ್ಗವಾಗಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಬಗ್ಗೆ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆರು ನೀರಿನಣುಗಳನ್ನು ಹಿಡಿದ ಅದರ ಹರಳು 30 ಡಿಗ್ರಿಯ ಹತ್ತಿರ ಕರಗಿ ನೀರಾಗುತ್ತದೆ. ಜಪಾನಿನ ಮನೆಗಳ ಬೀರುಗಳಲ್ಲಿ ಮಳೆಗಾಲಕ್ಕೆ ಇಡುವ, ನೀರು ತುಂಬಿದ ಮೇಲೆ ಎಸೆಯುವ ಡಬ್ಬಿಗಳಲ್ಲಿ ಇರುವುದು ಇದೇ. ಅದು ಒಣಗಿಸುತ್ತದೆ, ಹದ ಕಾಯುವುದಿಲ್ಲ. ರಾಯಚೂರಿನ ಏಪ್ರಿಲ್‌ನಲ್ಲಿ ಅದನ್ನು ಭಂಡಾರಕ್ಕೆ ತಂದಿಡಬಾರದು.

ಮೂರನೆಯ ದಾರಿಯೇ ನನಗೆ ಹೆಚ್ಚು ಕುತೂಹಲದ್ದು, ಸೆಂಡಾಯ್‌ನ ಪ್ರಯೋಗಶಾಲೆ ಬರುವುದೂ ಇಲ್ಲೇ. ಲವಣದ ಹರಳು ಕರಗದೆಯೇ ತನ್ನ ಜಾಲದೊಳಗೆ ನೀರಿನ ಅಣುಗಳಿಗೆ ಲೆಕ್ಕದಷ್ಟು ಜಾಗ ಕೊಡಬಲ್ಲದು. ಇಂಥ ಜಲಸಹಿತ ಹರಳು, ಜಲರಹಿತ ಹರಳು, ಆವಿ, ಈ ಮೂರೂ ಒಟ್ಟಿಗಿದ್ದರೆ ಗಿಬ್ಸ್ ನಿಯಮ ಹಿಂದಿನಂತೆಯೇ ಅನ್ವಯಿಸುತ್ತದೆ, ಆರ್ದ್ರತೆ ಒಂದೇ ಮಟ್ಟಕ್ಕೆ ಕಟ್ಟುಬೀಳುತ್ತದೆ. ದ್ರವವೇ ಇಲ್ಲ. ಕಾಗದದ ಮೇಲೆ ಇದು ಪರಿಹಾರದಂತೆ ಕಾಣುತ್ತದೆ, ಸಾಮಾನ್ಯ ಲವಣಗಳಲ್ಲಿ ಮಾತ್ರ ಸುಲಭವಾಗಿ ಕೈಗೂಡುವುದಿಲ್ಲ. ನೀರು ಸೇರಿದಾಗ ಹರಳು ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ, ಕೆಲವು ಆವರ್ತನೆಗಳಲ್ಲಿ ಪುಡಿಯಾಗುತ್ತದೆ. ಸೇರುವ ಮಟ್ಟ ಒಂದು, ಬಿಡುವ ಮಟ್ಟ ಇನ್ನೊಂದು ಆಗಿ ನಡುವೆ ಅಂತರ ಬೀಳುತ್ತದೆ. ಹೊಸ ಹರಳು ಮೊಳೆಯಲು ತಡವಾಗುತ್ತದೆ.

ತೊಹೊಕು ವಿಶ್ವವಿದ್ಯಾಲಯ 1907ರಲ್ಲಿ ಸ್ಥಾಪನೆಯಾದದ್ದು. ವಸ್ತುವಿಜ್ಞಾನದಲ್ಲಿ ಅದರ ಹೆಸರು ದೊಡ್ಡದು, 1917ರ ಹೊತ್ತಿಗೇ ಹೋಂಡಾ ಕೊಟಾರೊ ಅಲ್ಲಿ ಹೊಸ ಬಗೆಯ ಆಯಸ್ಕಾಂತ ಉಕ್ಕು ತಯಾರಿಸಿದ್ದರು. ಅಲ್ಲಿ 2001ರಲ್ಲಿ ಮೂರು ಹಳೆಯ ಸಂಸ್ಥೆಗಳನ್ನು ಕೂಡಿಸಿ ರಚಿಸಿದ ಬಹುಶಿಸ್ತೀಯ ವಸ್ತು ಸಂಶೋಧನಾ ಸಂಸ್ಥೆಯಲ್ಲಿ ಅಕುತಗವಾ ತೊಮೊಯುಕಿ ಅವರ ಗುಂಪು ಸಾವಯವ ಅಣುಗಳಿಂದ ಕಟ್ಟಿದ ಲವಣಗಳನ್ನು ಅಧ್ಯಯನ ಮಾಡುತ್ತ ಬಂದಿದೆ. ತತ್ತ್ವ ಹೀಗಿದೆ. ಅಗಲವಾದ, ಚಪ್ಪಟೆಯಾದ ಸಾವಯವ ಅಣುವಿನ ಎರಡು ತುದಿಗೆ ಋಣ ಆವೇಶದ ಗುಂಪುಗಳನ್ನು ಕೂಡಿಸಿ, ಅವಕ್ಕೆ ಸೋಡಿಯಂ, ಪೊಟ್ಯಾಸಿಯಂನಂಥ ಕ್ಷಾರ ಲೋಹದ ಅಯಾನುಗಳನ್ನು ಜೋಡಿಸಿದರೆ ಪದರ ಪದರವಾದ ಹರಳು ಸಿಗುತ್ತದೆ. ಸಾವಯವ ಭಾಗಗಳು ಒಂದರ ಮೇಲೊಂದು ಒರಗಿ ಕಂಬಗಳಾಗುತ್ತವೆ, ಅಯಾನುಗಳು ಒಂದು ಪದರದಲ್ಲಿ ಸಾಲಾಗಿ ನಿಲ್ಲುತ್ತವೆ. ನೀರಿನ ಅಣುಗಳು ಬಂದು ಹೋಗುವುದು ಆ ಅಯಾನು ಪದರದಲ್ಲಿ. ಕಂಬಗಳು ಗಟ್ಟಿಯಾಗಿ ನಿಂತಿರುವುದರಿಂದ ಮನೆ ಕುಸಿಯದೆ ನೆಂಟರು ಬಂದು ಹೋಗಬಹುದು.

ಇಲ್ಲಿ ರಸಾಯನಜ್ಞನ ಕೈಗೆ ಒಂದು ತಿರುಪು ಸಿಗುತ್ತದೆ. ಲಿಥಿಯಂ ಅಯಾನು ಚಿಕ್ಕದು, ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ಮೋಲ್ ಲಿಥಿಯಂ ಅಯಾನಿಗೆ ನೀರು ಸುತ್ತುವರಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 520 ಕಿಲೋಜೌಲ್, ಸೋಡಿಯಂಗೆ ಸುಮಾರು 410, ಪೊಟ್ಯಾಸಿಯಂಗೆ 320, ಸೀಸಿಯಂಗೆ 260. ಕೆಳಗಿಳಿದಂತೆ ಹಿಡಿತ ಸಡಿಲ. ಹಿಡಿತ ಬಿಗಿಯಾಗಿದ್ದರೆ ತೀರ ಒಣಗಾಳಿಯಲ್ಲೂ ಹರಳು ನೀರನ್ನು ಬಿಡುವುದಿಲ್ಲ, ಮೆಟ್ಟಿಲು ಕೆಳಗೆ ಬೀಳುತ್ತದೆ. ಸಡಿಲವಾದಷ್ಟೂ ಮೆಟ್ಟಿಲು ಮೇಲೇರುತ್ತದೆ. ಆದ್ದರಿಂದ ಅಯಾನನ್ನು ಬದಲಿಸಿ, ಅಣುವಿನ ತುದಿಯ ಗುಂಪನ್ನು ಬದಲಿಸಿ, ಮೆಟ್ಟಿಲನ್ನು ಬೇಕಾದ ಮಟ್ಟದ ಕಡೆಗೆ ಸರಿಸಬಹುದೆಂಬ ಆಸೆ ಇದೆ. ಪ್ರಕೃತಿ ಕೊಟ್ಟ ಮೆಟ್ಟಿಲುಗಳನ್ನು ಆರಿಸಿಕೊಳ್ಳುತ್ತಿದ್ದ ಕಾಲದಿಂದ ಮೆಟ್ಟಿಲನ್ನು ನಾವೇ ಕಟ್ಟುವ ಕಾಲಕ್ಕೆ ಬರುವುದು ಎಂದರೆ ಇದು. 2025ರ ರಸಾಯನ ನೊಬೆಲ್ ಪಡೆದ ಕ್ಯೋಟೊದ ಕಿತಗವಾ ಸುಸುಮು, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರ ಲೋಹ-ಸಾವಯವ ಚೌಕಟ್ಟುಗಳಲ್ಲೂ ಇದೇ ಆಸೆ ಕೆಲಸಮಾಡುತ್ತಿದೆ. ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದವರು 2017ರಲ್ಲಿ ವರದಿ ಮಾಡಿದ ಅಂಥ ಒಂದು ಚೌಕಟ್ಟು, ಗಾಳಿಯನ್ನು ಶೇ. 45ರಿಂದ 65ರ ನಡುವೆ ಇಡುವ ಉದ್ದೇಶದಿಂದಲೇ ರೂಪುಗೊಂಡದ್ದು.

ಉತ್ಸಾಹಕ್ಕೆ ಸ್ವಲ್ಪ ಕಡಿವಾಣವೂ ಬೇಕು. ಗ್ರಾಂ ಲೆಕ್ಕದಲ್ಲಿ ತಯಾರಾಗುವ ಸುಂದರ ಹರಳು ಮುನ್ನೂರು, ನಾನೂರು ಗ್ರಾಂ ನೀರಿನ ಕೆಲಸಕ್ಕೆ ಸಾಲುವಷ್ಟು ಕಿಲೋ ಲೆಕ್ಕದಲ್ಲಿ, ಕೈಗೆಟುಕುವ ಬೆಲೆಯಲ್ಲಿ ಬರಬೇಕು. ಸಾವಿರಾರು ಬಾರಿ ತೇವ ಕುಡಿದು ಬಿಟ್ಟ ಮೇಲೂ ಅದರ ಮಟ್ಟ ಸರಿಯಬಾರದು. ಯಾವ ಅನಿಲವನ್ನೂ ಅದು ಹೊರಬಿಡಬಾರದು, ಮುಚ್ಚಿದ ಕಪಾಟಿನಲ್ಲಿ ಆಮ್ಲದ ಲವಲೇಶವೂ ವರ್ಷಗಳಲ್ಲಿ ಸೀಸವನ್ನು ತಿಂದುಹಾಕುತ್ತದೆ. ಈ ಮೂರರಲ್ಲಿ ಮೊದಲನೆಯದು ಉದ್ಯಮಕ್ಕೆ ಸೇರಿದ್ದು, ಉಳಿದೆರಡು ತಾಳ್ಮೆಗೆ ಸೇರಿದ್ದು. ಅಲ್ಲಿಯವರೆಗೆ ಗಟ್ಟಿಯಾಗಿಸಿದ ಸರಳ ಲವಣದ ಪೊಟ್ಟಣವೇ ಹೆಚ್ಚು ನಂಬಲರ್ಹ ಎಂದು ನನ್ನ ತೀರ್ಮಾನ.

ಇಷ್ಟೆಲ್ಲ ದೂರದ ಊರಿನ ಮಾತು ನಮಗೇಕೆ ಎಂದು ಕೇಳಬಹುದು. ಮೂಡಬಿದಿರೆಯ ಬಸದಿಯಲ್ಲಿ ಉಳಿದ ಧವಲಾ, ಜಯಧವಲಾ, ಮಹಾಧವಲಾ ಓಲೆಗರಿಗಳು ಹಳಗನ್ನಡ ಲಿಪಿಯಲ್ಲಿ ಬರೆದ ಪ್ರಾಕೃತ ಸಿದ್ಧಾಂತ ಗ್ರಂಥಗಳು. ಬೇರೆಲ್ಲೂ ಪ್ರತಿ ಉಳಿಯದಿದ್ದಾಗ ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಅವು ಶತಮಾನಗಳನ್ನು ದಾಟಿದವು. ಎರಡು ಹಲಗೆಗಳ ನಡುವೆ ಬಿಗಿದು ಕಟ್ಟಿದ ಗರಿಗಳ ರಾಶಿ, ಅದರ ಸುತ್ತ ಬಟ್ಟೆ, ಅದರ ಸುತ್ತ ಮರ, ಅದರ ಸುತ್ತ ಕಲ್ಲಿನ ಕಟ್ಟಡ, ಈ ಪದರಗಳೇ ಒಳಗಿನ ತೇವವನ್ನು ನಿಧಾನಗೊಳಿಸಿರಬೇಕು. ಗರಿಗಳನ್ನು ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕೆ ಹರವಿಟ್ಟ ದಿನವೇ ಆ ರಕ್ಷಣೆ ಹೋಗುತ್ತದೆ. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಿಂದ ಹಿಡಿದು ಹಳ್ಳಿಯ ಮಠಗಳವರೆಗೆ ನಮ್ಮಲ್ಲಿ ಭಂಡಾರಗಳು ಬಹಳ. ಹವಾನಿಯಂತ್ರಣ ಎಲ್ಲ ಕಡೆಗೂ ಆಗದ ಮಾತು. ಹಗಲು ಓಡಿಸಿ ರಾತ್ರಿ ಆರಿಸುವ ಏಸಿಯಂತೂ ದಿನಕ್ಕೊಂದು ಏರಿಳಿತವನ್ನು ಹೊಸದಾಗಿ ಹುಟ್ಟಿಸುತ್ತದೆ. ಬಿಗಿಯಾದ ಪೆಟ್ಟಿಗೆ, ಅದರೊಳಗೆ ಸರಿಯಾದ ಲವಣದ ಪೊಟ್ಟಣ, ಇಷ್ಟು ನಮ್ಮ ಕೈಲಾಗುವ ಕೆಲಸ.

ಅದಕ್ಕೂ ಮೊದಲು ಆಗಬೇಕಾದದ್ದು ಅಳತೆ. ಭಂಡಾರಗಳನ್ನು ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇದು. ಒಂದು ಸಾಧಾರಣ ಆರ್ದ್ರತಾ ಮಾಪಕವನ್ನು ಕೊಂಡು ತನ್ನಿ. ಅದನ್ನು ನೇರವಾಗಿ ನಂಬಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಬಟ್ಟಲು ಶುದ್ಧವಾದ ಪುಡಿಯುಪ್ಪನ್ನು ಒದ್ದೆ ಮರಳಿನಷ್ಟು ನೆನೆಸಿ ಇಟ್ಟು, ಉಪ್ಪು ತಾಗದಂತೆ ಪಕ್ಕದಲ್ಲಿ ಮಾಪಕವಿರಿಸಿ, ಒಂದು ದಿನ ಮುಚ್ಚಿಡಿ. ಅದು ಶೇ. 75 ತೋರಿಸಬೇಕು. ಎಷ್ಟು ತಪ್ಪಿದೆಯೋ ಅಷ್ಟನ್ನು ಚೀಟಿಯಲ್ಲಿ ಬರೆದು ಮಾಪಕದ ಬೆನ್ನಿಗೆ ಅಂಟಿಸಿ. ಆಮೇಲೆ ಅದನ್ನು ಹಸ್ತಪ್ರತಿಗಳ ಪೆಟ್ಟಿಗೆಯೊಳಗಿಟ್ಟು ಒಂದು ವರ್ಷ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಬರೆದಿಡಿ. ಯಾವ ಲವಣ, ಎಷ್ಟು ಗ್ರಾಂ ಎಂಬುದನ್ನು ಆ ನೋಟ್‌ಬುಕ್ಕಿನ ಅಂಕಿಗಳನ್ನು ನೋಡಿ ಯಾವ ಕಾಲೇಜಿನ ರಸಾಯನ ವಿಭಾಗದವರಾದರೂ ಲೆಕ್ಕ ಹಾಕಿ ಕೊಡಬಲ್ಲರು.